ಜಯಮ್ಮ ಸೂಟ್‌ಕೇಸು ತುಂಬಿದ ಶ್ರಾವಣ

ಕಳೆದ ತಿಂಗಳು ಪಹಣಿಯ ಕೆಲಸಕ್ಕೆಂದು ಹಾಸನದಿಂದ ಅರಕಲಗೂಡಿಗೆ ಹೋಗಿದ್ದೆ. ಕಚೇರಿಯಲ್ಲಿ ಮಧ್ಯಾಹ್ನದ ಮೇಲೆ ಬನ್ನಿ ಎಂದರು. ಬಸ್ ನಿಲ್ದಾಣದ ಎದುರಿನ ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಒಳಗೆ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದುಹೋಯಿತು. ಘಾಟು ಎದ್ದು, ಕುಳಿತಿದ್ದವರೆಲ್ಲ ಕೆಮ್ಮುತ್ತ, ಅಡುಗೆಯವನನ್ನು ಬೈಯುತ್ತ ಹೊರಗೆ ಬಂದರು. ನಾನೂ ಬಂದೆ. ಸ್ವಲ್ಪ ಹೊತ್ತಿಗೆ ಅವರೆಲ್ಲ ಕಣ್ಣೊರೆಸಿಕೊಂಡು ನಗುತ್ತ ಒಳಗೆ ಹೋದರು. ನನ್ನಿಂದ ಆಗಲಿಲ್ಲ. ಅರ್ಧ ಕುಡಿದ ಲೋಟವನ್ನು ಜಗಲಿಯ ಮೇಲಿಟ್ಟು, ರಸ್ತೆ ದಾಟಿ, ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಘಾಟು ಪೂರ್ತಿ ಅಡಗಲಿ ಎಂದು ಕಾದೆ.

ನನ್ನ ಹೆಂಡತಿ ಜಯಮ್ಮ ಕೆನಡಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಯಾರಾದರೂ ಕೇಳಿದರೆ, ಬಾಣಂತನಕ್ಕೆ ಹೋದವಳು, ಮಗು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ‘ಪುಣ್ಯವಂತೆ’ ಎಂದು ಸುಮ್ಮನಾಗುತ್ತಾರೆ. ಅವಳು ಹೋದದ್ದು ಹಾಗಲ್ಲ. ಹೇಗೆ ಹೋದಳೆಂಬುದನ್ನು ನಾನೇ ಬರೆಯಬೇಕು, ಏಕೆಂದರೆ ಅವಳು ಯಾರಿಗೂ ಹೇಳುವವಳಲ್ಲ.

ಆಗ ನಾವು ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿದ್ದೆವು. ಹೊಗೆಸೊಪ್ಪಿನ ಬೇಸಾಯ, ಮನೆಯ ಹಿಂದೆ ಒಂದು ಬ್ಯಾರನ್. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ತೂಗುಹಾಕಿ, ಕೊಳವೆಯಲ್ಲಿ ಬಿಸಿ ಹಾಯಿಸಿ ಬೇಯಿಸುವ ಎತ್ತರದ ಕಟ್ಟಡಕ್ಕೆ ನಮ್ಮ ಕಡೆ ಬ್ಯಾರನ್ ಎನ್ನುತ್ತಾರೆ. ಅದರ ಒಲೆಯ ಬಾಯಿ ಹೊರಗಡೆ ಇರುತ್ತದೆ. ಶ್ರಾವಣ, ಭಾದ್ರಪದದಲ್ಲಿ ಆ ಒಲೆ ಆರುವಂತಿಲ್ಲ. ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿತಾಟಿನಲ್ಲಿ ತುಳಿದು ಬೇಲ್ ಕಟ್ಟುವುದರಲ್ಲಿ ನನ್ನದು ಎತ್ತಿದ ಕೈ. ಹೈಸ್ಕೂಲು ಮುಗಿಸಿದವನು, ಪತ್ರಿಕೆ ಓದುವವನು, ಪಂಚಾಯಿತಿಗೆ ಕರೆದರೆ ನಾಲ್ಕು ಮಾತು ಹೇಳಬಲ್ಲವನು ಎಂದು ಊರಿನಲ್ಲಿ ಮರ್ಯಾದೆ ಇತ್ತು. ಮನೆಯಲ್ಲಿ ಹೆಂಡತಿಯನ್ನು ಹೊಡೆಯುತ್ತೇನೆ ಎಂಬುದೂ ಊರಿಗೆ ಗೊತ್ತಿತ್ತು. ಎರಡೂ ಒಟ್ಟಿಗೇ ಇದ್ದವು. ಒಂದರಿಂದ ಇನ್ನೊಂದಕ್ಕೆ ಏನೂ ಕುಂದು ಬರಲಿಲ್ಲ.

ಮೊದಲ ಸಲ ಹೊಡೆದದ್ದು ಮದುವೆಯಾದ ವರ್ಷವೇ. ಕಾರಣ ನೆನಪಿಲ್ಲ. ಕಾರಣ ನೆನಪಿಲ್ಲದಿರುವುದೇ ಈಗ ನನ್ನನ್ನು ಹೆಚ್ಚು ಕಾಡುತ್ತದೆ. ಆಮೇಲೆ ಕೈಯಿಂದ ಬೆಲ್ಟಿಗೆ, ಬೆಲ್ಟಿನಿಂದ ಕೈಗೆ ಸಿಕ್ಕಿದ್ದಕ್ಕೆ ಬೆಳೆಯಿತು. ಕುಡಿದು ಹೊಡೆದವನಲ್ಲ ನಾನು. ತಪ್ಪನ್ನು ಕುಡಿತದ ಮೇಲೆ ಹಾಕಲು ನನಗೆ ಆ ದಾರಿಯೂ ಇಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಅವಳು ‘ಹಸ ಗುದ್ದಿತು’ ಎನ್ನುತ್ತಿದ್ದಳು. ನಮ್ಮ ಹಸು ಪಾಪದ್ದು, ಯಾರಿಗೂ ಕೊಂಬು ತಾಗಿಸಿದ್ದಲ್ಲ.

ನಮಗೆ ಒಬ್ಬಳೇ ಮಗಳು, ಪವಿತ್ರ. ಇದೆಲ್ಲವನ್ನೂ ನೋಡುತ್ತಲೇ ಬೆಳೆದಳು. ಹಾಸನದಲ್ಲಿ ನರ್ಸಿಂಗ್ ಓದಿ, ಕೆಲಸ ಹಿಡಿದು, ಕೆನಡಾಕ್ಕೆ ಹೋಗಿ, ಅಲ್ಲೇ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಂಗಳೂರಿನ ಕಡೆಯ ಹುಡುಗನನ್ನು ಮದುವೆಯಾದಳು. ನಾನು ಹೇಳಹೊರಟಿರುವ ವರ್ಷ ಬಸುರಾದಳು. ಬಾಣಂತನಕ್ಕೆ ಆರು ತಿಂಗಳು ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಸ್ಪೀಕರ್ ಹಾಕಿತ್ತು. ನಾನು ಪಕ್ಕದಲ್ಲೇ ಇದ್ದೆ.

“ಅಪ್ಪುಂಗೆ?” ಎಂದಳು ಜಯಮ್ಮ.

“ನಿಂಗ್ ಮಾತ್ರ ಕಣಮ್ಮ” ಎಂದಳು ಪವಿತ್ರ. “ಇದು ನನ್ ಮನೆ. ಇಲ್ಲಿಗ್ ಯಾರ್ ಬರ್ಬೇಕು ಅಂತ ನಾನ್ ಏಳ್ತೀನಿ.”

ಅವತ್ತು ಫೋನು ಒಡೆಯಿತು. ಅದನ್ನು ಹಿಡಿದಿದ್ದ ಕೈಗೂ ಪೆಟ್ಟು ಬಿತ್ತು.

ಪಾಸ್‌ಪೋರ್ಟು, ವೀಸಾದ ಓಡಾಟವನ್ನು ಅವಳ ತಮ್ಮ ಪುಟ್ಟರಾಜು ನೋಡಿಕೊಂಡ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಅಕ್ಕನನ್ನು ಹೊಳೆನರಸೀಪುರಕ್ಕೆ ಬರಹೇಳಿ, ವೀಸಾದ ಫೋಟೋ ತೆಗೆಸಲು ಅಲ್ಲಿಯ ಸ್ಟುಡಿಯೋಗೆ ಕರೆದುಕೊಂಡು ಹೋದ. ಸ್ಟುಡಿಯೋದವನು ಅವಳ ಮುಖ ನೋಡಿ ಕ್ಯಾಮೆರಾ ಕೆಳಗಿಟ್ಟನಂತೆ. “ಅಮ್ಮಾ, ಇಂಗೆ ತಗುದ್ರೆ ವಾಪಸ್ ಕಳಿಸ್ತಾರೆ. ಊತ ಇಳೀಲಿ, ಆಮೇಲ್ ಬನ್ನಿ” ಎಂದು ಕಳಿಸಿದನಂತೆ. ಅವಳು ಊತ ಇಳಿಯುವವರೆಗೆ ಕಾದಳು. ಎರಡನೆಯ ಸಲ ಹೊರಡುವ ಹಿಂದಿನ ದಿನ ನಾನು ತುಟಿ ಒಡೆದಿದ್ದೆ. ಮತ್ತೆ ಕಾದಳು.

ಮೂರನೆಯ ಸಲ ನನ್ನ ಹತ್ತಿರ ಬಂದು ನಿಂತಳು. ಬೇಡಿಕೊಳ್ಳುವ ದನಿಯಲ್ಲ; ನಾಳೆ ಸೌದೆ ತರಿಸಬೇಕು ಎನ್ನುವಾಗಿನ ದನಿ.

“ಈ ವಾರ ಮುಖುಕ್ ಒಡೀಬ್ಯಾಡಿ. ಫೋಟಾ ತಗುಸ್ಬೇಕು. ಬೆನ್ನಿಗ್ ಒಡ್ಕಳಿ.”

ನಾನು ಹಾಗೇ ಮಾಡಿದೆ. ಮುಖ ಮುಟ್ಟಲಿಲ್ಲ. ಅದನ್ನು ದೊಡ್ಡ ಉಪಕಾರವೆಂದು ತಿಳಿದಿದ್ದೆ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆ ವೀಸಾದ ಫೋಟೋದಲ್ಲಿ ಅವಳು ನೆಟ್ಟಗೆ ಕುಳಿತಿದ್ದಾಳೆ. ಒರಗಿಕೊಳ್ಳಲು ಆಗುತ್ತಿರಲಿಲ್ಲ.

ಸೊಪ್ಪು ಮುರಿಯುವ ಕೆಲಸ ಜೋರಾದ ಹೊತ್ತಿಗೆ ವೀಸಾ ಬಂತು. ಆ ವರ್ಷ ಸೋನೆ ಹಿಡಿದದ್ದು ಬಿಡಲೇ ಇಲ್ಲ. ಹೊಲದಲ್ಲಿ ಕೆಸರು, ಅಂಗಳದಲ್ಲಿ ಕೆಸರು, ಹಸಿ ಸೊಪ್ಪಿನ ಅಂಟು ಕೈಯಿಂದ ಹೋಗುತ್ತಿರಲಿಲ್ಲ. ಒಂದು ದಿನ ಟೀ ಅಂಗಡಿಯಲ್ಲಿ ನನ್ನ ಜೊತೆಗೆ ಓದಿದ ಸಣ್ಣಪ್ಪ ಎಲ್ಲರೆದುರು ಕೇಳಿದ:

“ಏನ್ ರಂಗೇಗೌಡ್ರೆ, ಗೌಡ್ತೀರ್ನ ಮಾತ್ರ ಕರ್ದವ್ರಂತೆ? ನಿಮ್ ಪರವಾಗಿ ನಾವೊಂದ್ ಅರ್ಜಿ ಆಕುಮಾ?”

“ಅವ್ರುನ್ನ ಕರಿಯಲ್ಲ ಕಣೋ” ಎಂದ ಪಕ್ಕದವನು. “ಅಲ್ಲಿ ಎಂಡ್ರಿಗ್ ಕೈ ಎತ್ತುದ್ರೆ ಪೋಲೀಸ್ನೋರು ಸೀದಾ ಜೀಪಿಗ್ ಆಕ್ಕತಾರಂತೆ. ಗೌಡ್ರು ಇಳ್ದ್ ದಿನ್ವೇ ಒಳಗೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಣ್ಣಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಆರ್ ತಿಂಗ್ಳು ಅಂತಾವ್ರಲ್ಲ, ಅದಲ್ಲ ಕಣಪ್ಪ. ನನ್ ಅಳೀಮಯ್ಯ ಏಳ್ದ, ಆ ವೀಸಾದಲ್ಲಿ ಐದ್ ವರ್ಷ ಇರ್ಬೋದಂತೆ. ವಿಚಾರುಸ್ಕೋ” ಎಂದ. ಮನೆಗೆ ಬಂದು ವಿಚಾರಿಸಿದೆ. ನಾನು ವಿಚಾರಿಸುವುದು ಹೇಗೆಂದು ಇನ್ನೊಮ್ಮೆ ಬರೆಯಬೇಕಿಲ್ಲ. ಅವಳು “ಮಗ ಹುಟ್ಟಿ ಕತ್ ನಿಂತ್ ಮೇಲೆ ಬತ್ತೀನಿ” ಎಂದಷ್ಟೇ ಹೇಳಿದಳು. ಮಗುವಿನ ಕತ್ತು ನಿಲ್ಲಲು ಎಷ್ಟು ತಿಂಗಳು ಬೇಕೆಂದು ಲೆಕ್ಕ ಹಾಕಿ ನಾನು ಸಮಾಧಾನ ಮಾಡಿಕೊಂಡೆ.

ಪುಟ್ಟರಾಜು ದೊಡ್ಡದೊಂದು ನೀಲಿ ಸೂಟ್‌ಕೇಸು ತಂದುಕೊಟ್ಟ. ಜಯಮ್ಮ ಅದನ್ನು ಸೊಪ್ಪು ವಿಂಗಡಿಸುವ ಕೊಟ್ಟಿಗೆಯಲ್ಲೇ ಬಿಚ್ಚಿಟ್ಟುಕೊಂಡಳು. ಬೇಲ್ ತೂಗುವ ಕಾಟಾ ಅಲ್ಲೇ ಇತ್ತಲ್ಲ. ಇಪ್ಪತ್ತಮೂರು ಕಿಲೋ ಮೀರಬಾರದು ಎಂದಿದ್ದಳು ಮಗಳು. ತುಪ್ಪ ಬೇಡ, ಬೀಜ ಬೇಡ, ಮಣ್ಣು ಮೆತ್ತಿದ ಚಪ್ಪಲಿಯೂ ಬೇಡ ಎಂದಿದ್ದಳಂತೆ. ಬಾಣಂತಿಗೆ ಬೇಕಾದದ್ದು ಮೊದಲು ಬಂತು: ಒಣಶುಂಠಿ, ಕಾಳುಮೆಣಸು, ಉಂಡೆಗೆ ಹಾಕುವ ಅಂಟು, ಬಾಣಂತಿ ಖಾರ, ಮಗುವಿಗೆ ಸುತ್ತಲು ತೊಳೆದು ತೊಳೆದು ಮೆತ್ತಗಾದ ಹತ್ತಿಯ ಸೀರೆಯ ತುಂಡುಗಳು. ಮುದ್ದೆ ತಿರುವುವ ಕೋಲು ಓರೆಯಾಗಿ ಇಟ್ಟರೆ ಮಾತ್ರ ಹಿಡಿಯುತ್ತಿತ್ತು. ರಾಗಿ ಹಿಟ್ಟನ್ನು ಇಟ್ಟು, ತೂಗಿ, ತೆಗೆದಳು.

“ಯಾಕಕ್ಕ, ಮುದ್ದೆ ಕೋಲ್ ಮಾತ್ರ ಕೊಟ್ರೆ ಮಗ್ಳು ಏನ್ ತಿರುವ್ತಾಳೆ?” ಎಂದಳು ಲಕ್ಕಮ್ಮ. ನಮ್ಮ ಮನೆಯಲ್ಲಿ ವಿಂಗಡಿಸುವ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ, ಬಾಯಿ ಬಲ ಇದ್ದವಳು.

“ರಾಗಿ ಅಲ್ಲೂ ಸಿಗ್ತದಂತೆ ಕಣವ್ವ. ನಮ್ ಕಾರದ್ ಪುಡಿ ಸಿಗಲ್ವಂತೆ.” ರಾಗಿ ತೆಗೆದ ಜಾಗಕ್ಕೆ ಖಾರದ ಪುಡಿಯ ಚೀಲ, ಅದರ ಮೇಲೆ ಒಣಮೆಣಸಿನಕಾಯಿಯ ಪೊಟ್ಟಣ ಹೋದವು.

“ಮೂಳೆ ಕೊರ್ಯೋ ಚಳಿಯಂತೆ ಅಲ್ಲಿ. ಗೌಡ್ರ ಕಂಬ್ಳಿ ಎತ್ಕಂಡೋಗು” ಎಂದಳು ಲಕ್ಕಮ್ಮ.

“ಕಂಬ್ಳಿ ಯಾಕೆ, ಗೌಡ್ರುನ್ನೇ ಮಡ್ಚಿ ಇಟ್ಕಳ್ಳಿ ಬುಡು” ಎಂದಳು ಇನ್ನೊಬ್ಬಳು.

“ಬ್ಯಾಡ ಕಣೆ, ಅದು ಬಾಳ ತೂಕ ಬತ್ತದೆ” ಎಂದಳು ಜಯಮ್ಮ.

ಹೆಂಗಸರು ಸೊಪ್ಪು ಕೆಳಗೆ ಹಾಕಿ ನಕ್ಕರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ತಮಾಷೆ ಮಾಡುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹೊರಡುವ ಮೊದಲೇ ಇವಳು ಹೋಗಿಬಿಟ್ಟಿದ್ದಾಳೆ ಎನಿಸಿತು.

ಹೊರಡುವ ದಿನ ಹತ್ತಿರವಾಯಿತು. ಸೂಟ್‌ಕೇಸಿನ ಜಿಪ್ಪು ಕೂಡುತ್ತಿರಲಿಲ್ಲ. ಹೆಂಗಸರು ಮಧ್ಯಾಹ್ನದ ಊಟಕ್ಕೆ ಅವರವರ ಮನೆಗೆ ಹೋಗಿದ್ದರು. ಜಯಮ್ಮ ಮಂಡಿಯೂರಿ ಮುಚ್ಚಳ ಅದುಮುತ್ತಿದ್ದಳು. ನಾನು ಒಲೆಗೆ ಸೌದೆ ಒಟ್ಟಿ ಒಳಗೆ ಬಂದೆ.

“ಬುಡು, ಇದೇನ್ ಎಂಗುಸ್ರ ಕೆಲ್ಸ ಅಲ್ಲ. ಬೇಲ್ ಕಟ್ಟೋರ್ ಮಾಡ್ಬೇಕು.”

“ಬ್ಯಾಡ. ನಾನ್ ಮಾಡ್ಕತೀನಿ.”

“ಬುಡೆ ಅಂದ್ರೆ.”

“ಬ್ಯಾಡ ಅಂದ್ನಲ್ಲ” ಎಂದು ಸೂಟ್‌ಕೇಸಿಗೆ ಅಡ್ಡ ಬಂದಳು. ಅವಳು ಯಾವುದಕ್ಕೂ ಅಡ್ಡ ಬರುವವಳಲ್ಲ.

ನಾನು ಕಾಲು ತೊಳೆದು, ಮುಚ್ಚಳದ ಮೇಲೆ ನಿಂತು ಬೇಲ್ ತುಳಿಯುವ ಹಾಗೆ ತುಳಿದೆ. ಕೂಡಲಿಲ್ಲ. ತಳ ಸಮವಾಗಿಲ್ಲದಿದ್ದರೆ ಎಷ್ಟು ತುಳಿದರೂ ಬೇಲ್ ಕೂರುವುದಿಲ್ಲ; ಎಲ್ಲ ಹೊರಕ್ಕೆ ತೆಗೆದು ತಳದಿಂದ ಕಟ್ಟಿಕೊಂಡು ಬರಬೇಕು. ಹಾಗೇ ಒಂದೊಂದನ್ನೇ ತೆಗೆದಿಟ್ಟೆ. ಅವಳು ಗೋಡೆಗೆ ಒರಗಿ ನೋಡುತ್ತ ನಿಂತಳು. ಕೊನೆಗೆ ಒಂದು ಹಳೆಯ ದುಪಟಿ, ಅದರ ಕೆಳಗೆ ಅರಿಸಿನ ಬಣ್ಣದ ರೇಷ್ಮೆ. ಅವಳ ಧಾರೆ ಸೀರೆ.

ನಮ್ಮ ಮನೆತನದಲ್ಲಿ ಧಾರೆ ಸೀರೆಯನ್ನು ಹೆಣ್ಣುಮಕ್ಕಳು ಆಮೇಲೆ ಉಡುವುದಿಲ್ಲ. ಮಡಿಸಿ ಎತ್ತಿಡುತ್ತಾರೆ. ಮುತ್ತೈದೆಯಾಗಿ ಸತ್ತರೆ ಗಂಡನಾದವನು ಅದನ್ನು ಹೊದಿಸಿ ಕಳಿಸಬೇಕು. ನನ್ನ ತಾಯಿಗೆ ನಮ್ಮಪ್ಪ ಹೊದಿಸಿದ್ದನ್ನು ನಾನೇ ನೋಡಿದ್ದೇನೆ. ಆರು ತಿಂಗಳ ಬಾಣಂತನಕ್ಕೆ ಹೋಗುವವಳು ಆ ಸೀರೆಯನ್ನು ಮುಟ್ಟುವುದಿಲ್ಲ.

“ಇದ್ಯಾಕೆ?” ಎಂದೆ.

ಅವಳು ಸೀರೆಗೆ ಕೈ ಚಾಚಿದಳು.

“ಇದ್ಯಾಕೆ ಅಂದೆ.”

“ಸತ್ರೆ ಬೇಕಾಯ್ತದೆ.”

“ಸತ್ರೆ ಇಲ್ಲಿ ಸಾಯ್ತೀಯ. ಹೊದ್ಸಾಕೆ ನಾನಿಲ್ವಾ?”

ಅವಳು ನೆಲ ನೋಡಲಿಲ್ಲ. ನನ್ನನ್ನೇ ನೋಡಿದಳು. “ನಿಮ್ ಕೈಲಿ ಹೊದುಸ್ಕಳಾಕೆ ನಂಗಿಷ್ಟ ಇಲ್ಲ.”

ಸೊಪ್ಪು ಕಟ್ಟುವ ಕಡ್ಡಿಗಳ ಹೊರೆ ಮೂಲೆಯಲ್ಲಿತ್ತು. ಮೊದಲು ಒಂದನ್ನು ಎಳೆದುಕೊಂಡೆ. ಅದು ಅವಳ ಭುಜದ ಮೇಲೆ ಮುರಿಯಿತು. ಇನ್ನೊಂದೂ ಮುರಿಯಿತು. ಅವಳು ಬಾಗಿಲ ಕಡೆ ಹೋದಳು. ಜಡೆ ಹಿಡಿದು ಅಂಗಳಕ್ಕೆ ಎಳೆದೆ. ಒಲೆಯ ಬಾಯಿಯ ಹತ್ತಿರ ಸೌದೆಯ ರಾಶಿ. ತಲೆಗೆ ಬರುತ್ತಿದ್ದ ಪೆಟ್ಟಿಗೆ ಅವಳು ಎಡಗೈ ಅಡ್ಡ ಕೊಟ್ಟಳು. ಒಣ ಸೌದೆ ಮುರಿದ ಸದ್ದು ಬಂತು. ಸೌದೆ ನನ್ನ ಕೈಯಲ್ಲಿ ಇಡಿಯಾಗಿಯೇ ಇತ್ತು. ಮುರಿದದ್ದು ಏನೆಂದು ತಿಳಿಯಿತು. ತಿಳಿದ ಮೇಲೂ ನಾನು ಇನ್ನೊಂದು ಏಟು ಹೊಡೆದೆ. ಇದನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ.

ಅವಳು ಕಿರುಚಲಿಲ್ಲ. ಬ್ಯಾರನ್ ಗೋಡೆಗೆ ಒರಗಿ ಕುಳಿತು, ಮುರಿದ ಕೈಯನ್ನು ಯಾರದೋ ಮಗುವನ್ನು ಇಟ್ಟುಕೊಂಡಂತೆ ಮಡಿಲಲ್ಲಿ ಇಟ್ಟುಕೊಂಡಳು. ನಾನು ಒಳಗೆ ಹೋದೆ. ಮೊದಲು ಸೀರೆ ತಂದು ಒಲೆಗೆ ಹಾಕಿದೆ. ರೇಷ್ಮೆ ಉರಿಯುವುದಿಲ್ಲ, ಕೂದಲು ಸುಟ್ಟ ವಾಸನೆ ಬಂದು ಮುದುಡಿಕೊಳ್ಳುತ್ತದೆ. ಆಮೇಲೆ ಮಗುವಿನ ಬಟ್ಟೆ. ಆಮೇಲೆ ಶುಂಠಿ, ಮೆಣಸು, ಕೋಲು. ಬಾಚಿ ಬಾಚಿ ತಂದು ತುರುಕಿದೆ. ಸೂಟ್‌ಕೇಸನ್ನೂ ಮುರಿದು ತುರುಕಿದೆ. ಪ್ರತಿಯೊಂದಕ್ಕೂ ಅವಳ ಮುಖ ನೋಡುತ್ತಿದ್ದೆ, ಯಾವುದಕ್ಕಾದರೂ ಅಳುತ್ತಾಳೇನೋ ಎಂದು. ಕೊನೆಯಲ್ಲಿ ಎರಡು ಕೈಯಲ್ಲೂ ಎತ್ತಿ ಹಾಕಿದ್ದು ಖಾರದ ಪುಡಿಯ ಚೀಲ ಮತ್ತು ಮೆಣಸಿನಕಾಯಿ.

ಅಂಥ ಘಾಟನ್ನು ಆ ಊರು ಕಂಡಿರಲಿಲ್ಲ. ಒಲೆಯ ಬಾಯಿಂದ ಕೆಂಪು ಹೊಗೆ ಹಿಂದಕ್ಕೆ ನುಗ್ಗಿ ನನ್ನ ಮುಖಕ್ಕೆ ಬಡಿಯಿತು. ಕಣ್ಣು ಕಾಣಲಿಲ್ಲ, ಉಸಿರು ಹಿಡಿಯಿತು, ಕೆಸರಿಗೆ ಮಂಡಿಯೂರಿ ಬಿದ್ದೆ. ಸೋನೆಯ ತೇವಕ್ಕೆ ಹೊಗೆ ಮೇಲೇಳದೆ ಬೀದಿಯುದ್ದಕ್ಕೂ ಹರಡಿತು. ಮನೆಮನೆಯಿಂದ ಜನ ಕೆಮ್ಮುತ್ತ ಹೊರಬಿದ್ದರು. “ಯಾವನ್ಲಾ ಅದು ಮೆಣ್ಸಿನ್ಕಾಯಿ ಸುಡ್ತಾ ಇರಾದು!” ಎಂದು ಬೈಯುತ್ತ ನಮ್ಮ ಅಂಗಳಕ್ಕೇ ಬಂದರು. ಅಷ್ಟು ವರ್ಷ ನಾನು ಬಾಗಿಲು ಹಾಕಿಕೊಂಡು ಹೊಡೆದವನು. ಕೇಳಿಸಿದರೂ ಕೇಳಿಸಲಿಲ್ಲ ಎಂದು ಇರಲು ಅವರಿಗೂ ಅನುಕೂಲವಾಗಿತ್ತು. ಅವತ್ತು ನಾನೇ ಊರನ್ನು ಕರೆದಂತಾಯಿತು.

ನಾನು ಅಳುತ್ತಿದ್ದೇನೆ ಎಂದು ಒಂದಿಬ್ಬರು ತಿಳಿದರು. “ಏಳಿ ಗೌಡ್ರೆ, ಆಗಿದ್ದಾಯ್ತು” ಎಂದು ತೋಳು ಹಿಡಿದರು. ಅದು ಅಳುವಲ್ಲ, ಘಾಟಿಗೆ ಬಂದ ನೀರು. ನಾನಿನ್ನೂ ಕೂಗುತ್ತಿದ್ದೆ: “ಪಾಸ್‌ಪೋಲ್ಟೂ ಸುಟ್ಟಾಕಿವ್ನಿ! ಎಂಗ್ ಓಯ್ತೀಯ ನೋಡ್ತೀನಿ!”

ಗೋಡೆಯ ಕಡೆಯಿಂದ ಅವಳ ದನಿ ಬಂತು. “ಅದು ಅದ್ರಲ್ ಇರ್ನಿಲ್ಲ. ಎಲ್ಲಕ್ಕಿಂತ ಮೊದ್ಲು ಅದ್ನ ಪುಟ್ಟರಾಜುನ್ ಕೈಲಿ ಆಚಿಕ್ ಕಳಿಸ್ದೆ.”

ಲಕ್ಕಮ್ಮ ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಓಡಿ ಬಂದಳು. ಇನ್ನೊಂದು ತುಂಡು ಬಟ್ಟೆಯಿಂದ ಜಯಮ್ಮನ ಮುಖ ಒರೆಸಿ, ಎರಡು ಕಡ್ಡಿಯ ತುಂಡುಗಳನ್ನು ಹುಡುಕಿ ಕೈಗೆ ಒತ್ತುಕೊಟ್ಟು ಕಟ್ಟಿದಳು. ನಾನು ಮುರಿದ ಕಡ್ಡಿಗಳೇ ಅವು. ಕಟ್ಟುತ್ತಲೇ ನನ್ನ ಕಡೆ ತಿರುಗದೆ ಹೇಳಿದಳು:

“ನಿಮ್ ಮನೇಲಿ ಕೂಲಿ ಮಾಡ್ಕಂಡ್ ಬಂದಿವ್ನಿ ಗೌಡ್ರೆ. ಈ ಗ್ವಾಡೆ ಆಚೆ ಕೂತು ಎಲ್ಲಾ ಕೇಳುಸ್ಕಂಡು ಸೊಪ್ಪ್ ಬುಡ್ಸಿವ್ನಿ. ನಿಮ್ದೊಬ್ರುದೇ ಅಲ್ಲ, ನಂದೂ ಪಾಪವೇ. ನಾಳಿಂದ ನಾವ್ ಯಾರೂ ಬರಲ್ಲ.”

ಬರಲೂ ಇಲ್ಲ. ಆ ಸಂಜೆಯಿಂದ ಒಲೆಗೆ ಸೌದೆ ಹಾಕುವವರಿಲ್ಲದೆ ಬ್ಯಾರನ್ನಿನಲ್ಲಿದ್ದ ಸೊಪ್ಪೆಲ್ಲ ಕಪ್ಪಾಗಿ ಕೊಳೆಯಿತು.

ಸುದ್ದಿ ಕೇಳಿ ಪುಟ್ಟರಾಜು ಕಾರು ತಂದ. ಹಾಸನದ ಆಸ್ಪತ್ರೆಗೆ ನಾನೂ ಹೋದೆ. ಯಾರೂ ಕರೆಯಲಿಲ್ಲ, ಗಂಡನಲ್ಲವೇ ಎಂದು ಮುಂದಿನ ಸೀಟಿನಲ್ಲಿ ಕುಳಿತೆ. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೈ ನೋಡಿ, “ಏನಾಯ್ತಮ್ಮ?” ಎಂದು ಕೇಳಿದರು. ನಾನು ಹಸುವಿನ ಮಾತಿಗೆ ಕಾದೆ. ನಿಜವಾಗಿಯೂ ಕಾದೆ. ತಲೆಯಾಡಿಸಲು ಸಿದ್ಧನಾಗಿ ನಿಂತಿದ್ದೆ.

“ಇವ್ರು ಸೌದೇಲ್ ಒಡುದ್ರು” ಎಂದಳು ಜಯಮ್ಮ.

ಡಾಕ್ಟರಮ್ಮ ನನ್ನನ್ನು ಹೊರಗೆ ನಿಲ್ಲಲು ಹೇಳಿದರು. ಸ್ವಲ್ಪ ಹೊತ್ತಿಗೆ ಪೋಲೀಸಿನವರೊಬ್ಬರು ಬಂದು ಅವಳ ಹೇಳಿಕೆ ಕೇಳಿದರು. ಬಾಗಿಲು ತೆರೆದಿತ್ತು, ನನಗೆ ಎಲ್ಲ ಕೇಳಿಸುತ್ತಿತ್ತು.

“ಕಂಪ್ಲೇಂಟ್ ಕೊಡ್ತೀರೇನಮ್ಮ? ಕೊಟ್ರೆ ಒಳಗೆ ಆಕ್ತೀವಿ.”

“ಕೊಟ್ರೆ ಕೋಲ್ಟಲ್ಲಿ ಬಂದು ಏಳ್ಬೇಕಾಯ್ತದಾ ಸಾ?”

“ಏಳ್ಬೇಕಾಯ್ತದೆ. ಕರ್ದಾಗೆಲ್ಲ ಬರ್ಬೇಕಾಯ್ತದೆ.”

“ಅಂಗಾರೆ ಬ್ಯಾಡ ಸಾ. ನಂಗೆ ಕೆನಡಾಕ್ ಓಗದೈತೆ. ಇವ್ರುನ್ನ ಜೈಲ್ಗ್ ಕಳ್ಸಾಕೆ ನಾನ್ ಇಲ್ಲೇ ಕೂತಿರಾಕಾಗಲ್ಲ. ಓಗೋಗಂಟ ಇವ್ರು ನನ್ ತಾವ್ಕೆ ಬರ್ದಂಗ್ ನೋಡ್ಕಳಿ, ಅಷ್ಟೇಯ.”

ಊರಿನಲ್ಲಿ ಮಾತು ಬೇರೆಯಾಗಿ ಹಬ್ಬಿತು. ಎಷ್ಟಾದರೂ ಗಂಡ, ಬಿಟ್ಟುಕೊಡಲಿಲ್ಲ, ದೊಡ್ಡ ಮನಸ್ಸು ಎಂದರು. ನಾನೂ ಅದನ್ನೇ ನಂಬಲು ಪ್ರಯತ್ನಪಟ್ಟೆ. ಅವಳು ನನ್ನನ್ನು ಉಳಿಸಿರಲಿಲ್ಲ. ನನ್ನ ಮೇಲೆ ವೆಚ್ಚ ಮಾಡಲು ಅವಳ ಹತ್ತಿರ ಹೊತ್ತು ಇರಲಿಲ್ಲ.

ಅವಳು ಹಾಸನದಿಂದ ಸೀದಾ ತಮ್ಮನ ಮನೆಗೆ, ಚನ್ನರಾಯಪಟ್ಟಣಕ್ಕೆ ಹೋದಳು. ನಾನು ಊರಿಗೆ ಬಂದು ಒಲೆಯ ಬೂದಿ ಬಳಿದು ತೆಗೆದೆ. ಬೂದಿಯಲ್ಲಿ ಸ್ಲೇಟಿನ ಬಳಪದಷ್ಟು ಜರಿಯ ಗಟ್ಟಿ ಸಿಕ್ಕಿತು, ಸೂಟ್‌ಕೇಸಿನ ಕಬ್ಬಿಣದ ಸರಳುಗಳು ಸಿಕ್ಕಿದವು. ಕೊಳೆತ ಸೊಪ್ಪನ್ನು ಒಬ್ಬನೇ ಇಳಿಸಿ ತಿಪ್ಪೆಗೆ ಹೊತ್ತೆ. ಕೆಲಸವಿಲ್ಲದಾಗ ನನ್ನ ಕೈಗಳನ್ನೇ ನೋಡುತ್ತಿದ್ದೆ. ಹೊಡೆಯಲು ಯಾರೂ ಇಲ್ಲದ ಮನೆಯಲ್ಲಿ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಅಷ್ಟು ವರ್ಷ ‘ನನ್ನ ಸಿಟ್ಟು ನನ್ನ ಕೈಯಲ್ಲಿಲ್ಲ’ ಎಂದು ಹೇಳುತ್ತಿದ್ದೆನಲ್ಲ, ಅದು ಸುಳ್ಳೆಂದು ಆಗ ತಿಳಿಯಿತು. ಸಣ್ಣಪ್ಪ ನನ್ನನ್ನು ಎಲ್ಲರೆದುರು ಆಡಿಕೊಂಡಾಗ ನಾನು ನಕ್ಕಿದ್ದೆ. ಸಣ್ಣಪ್ಪನಿಗೆ ಕೈ ಎತ್ತಿರಲಿಲ್ಲ. ನನ್ನ ಸಿಟ್ಟಿಗೆ ಯಾರ ಮೇಲೆ ಬರಬೇಕೆಂಬುದು ಚೆನ್ನಾಗಿ ಗೊತ್ತಿತ್ತು.

ಅವಳು ಹೊರಡುವ ದಿನ ಯಾವುದೆಂದು ನನಗೆ ಗೊತ್ತಿತ್ತು. ಬೆಳಗಿನ ಬಸ್ಸು ಹಿಡಿದೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಹೋದೆ. ಕ್ಷಮಿಸು ಎನ್ನಬೇಕೆಂದುಕೊಂಡೆ; ಹಿಂದೆ ಎಷ್ಟೋ ಸಲ ಹೊಡೆದ ಮರುದಿನ ಹಾಗೆಂದಿದ್ದೆ, ಅದಕ್ಕೆ ಬೆಲೆ ಇರಲಿಲ್ಲ. ಕೊನೆಗೆ ಬೇರೆ ಒಂದು ಮಾತು ಹೊಳೆಯಿತು. ಅದು ಬಹಳ ದೊಡ್ಡ ಮಾತೆಂದು ನನಗೆ ಅನ್ನಿಸಿತು. ಕಿಟಕಿಯಲ್ಲಿ ತೆಂಗಿನ ತೋಟಗಳು ಕಾಣುವ ಹೊತ್ತಿಗೆ ನನಗೆ ನನ್ನ ಮೇಲೇ ಒಂದು ಗೌರವ ಮೂಡಿತ್ತು.

ಪುಟ್ಟರಾಜುವಿನ ಮನೆ ಬಾಗಿಲು ತೆರೆದಿತ್ತು. ನಾನು ಹೊಸ್ತಿಲ ಆಚೆಯೇ ನಿಂತೆ. ನಡುಮನೆಯಲ್ಲಿ ಜಯಮ್ಮ ಕುರ್ಚಿಯ ಮೇಲೆ ಕುಳಿತಿದ್ದಳು; ಎಡಗೈಗೆ ಬಿಳಿ ಪಟ್ಟಿ, ಕೊರಳಿಗೆ ಜೋಳಿಗೆ ಕಟ್ಟಿ ತೂಗುಹಾಕಿತ್ತು. ಈ ಸಲದ ಸೂಟ್‌ಕೇಸು ಚಿಕ್ಕದು. ಪುಟ್ಟರಾಜುವಿನ ಹೆಂಡತಿ ಶೋಭಾ ಕೆಳಗೆ ಕುಳಿತು ತುಂಬುತ್ತಿದ್ದಳು, ಇವಳು ಬಲಗೈಯ ಬೆರಳು ತೋರಿಸಿ ಹೇಳುತ್ತಿದ್ದಳು. ಅದು ಇರಲಿ. ಅದು ಬೇಡ. ಲಕ್ಕಮ್ಮ ಮತ್ತು ಉಳಿದ ಹೆಂಗಸರು ಹೊಸದಾಗಿ ಕುಟ್ಟಿ ಕಳಿಸಿದ್ದ ಖಾರದ ಪುಡಿ ಇರಲಿ. ನೋವಿನ ಮಾತ್ರೆ ಮೇಲೆ ಇರಲಿ, ಕೈಗೆ ಸಿಗಬೇಕು. ಬೆಳ್ಳಿ ಕುಂಕುಮದ ಬಟ್ಟಲು ಬೇಡ.

ಶೋಭಾ ಕವರಿನಿಂದ ಹೊಸ ರೇಷ್ಮೆ ಸೀರೆ ತೆಗೆದಳು. “ಅತ್ಗೆ, ಇದು ತೌರ್ಮನೇದು. ಆ ಸೀರೆ ಓಯ್ತಲ್ಲ, ಅದ್ರು ಬದ್ಲು. ತಳಕ್ ಇಡ್ತೀನಿ.”

ಜಯಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದಳು. “ಸಾಯಾಕ್ ಓಯ್ತಿಲ್ಲ ಕಣೆ ನಾನು. ಅದ್ನ ನೀನ್ ಉಟ್ಕೋ. ಆ ಸ್ವೆಟ್ರು ಇಡು.”

ಆಮೇಲೆ ನನ್ನನ್ನು ನೋಡಿದಳು. ಬೆಚ್ಚಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ, ನನ್ನ ಪಕ್ಕದಲ್ಲೇ ದಾಟಿ ಕಾರಿನ ಕಡೆ ಹೋದಳು. ಪುಟ್ಟರಾಜು ಸೂಟ್‌ಕೇಸು ತಂದು ಡಿಕ್ಕಿಗೆ ಹಾಕಿದ. ಪೋಲೀಸರಿಗೆ ಫೋನು ಮಾಡಲೇ ಎನ್ನುವಂತೆ ಅಕ್ಕನ ಮುಖ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಅವನೇ, “ಏನೋ ಏಳಾಕೆ ಬಂದಿದ್ದೀರಲ್ಲ ಬಾವ, ಏಳಿ. ಹೊತ್ತಾಯ್ತದೆ” ಎಂದ.

ಹೊರಟವರಿಗೆ ನಮ್ಮಲ್ಲಿ ‘ಹೋಗಿ ಬಾ’ ಎಂದೇ ಹೇಳಬೇಕು. ಬದುಕಿರುವವರನ್ನು ಬರಬೇಡ ಎಂದು ಕಳಿಸುವುದಿಲ್ಲ. ನಾನು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೇಳಿದೆ.

“ಬರ್ಬ್ಯಾಡ ಕಣೆ ಜಯ. ವಾಪಸ್ ಬರ್ಬ್ಯಾಡ.”

ಪುಟ್ಟರಾಜು ನನ್ನ ಕೆನ್ನೆಗೆ ಹೊಡೆದ. ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವನು ನಿಂತ. “ಅಲ್ಲೇ ಸಾಯ್ಲಿ ಅಂತ ಶಾಪ ಆಕಾಕ್ ಬಂದಿದ್ದೀಯೇನೋ ಇಷ್ಟ್ ದೂರ?” ಎಂದು ಅಂಗಿ ಹಿಡಿದು ಇನ್ನೊಂದು ಕೊಟ್ಟ. ನನಗಿಂತ ಚಿಕ್ಕವನು, ನನ್ನ ಮುಂದೆ ಎಂದೂ ದನಿ ಎತ್ತದವನು. ನಾನು ಕೈ ಅಡ್ಡ ಕೊಡಲಿಲ್ಲ.

“ಶಾಪ ಅಲ್ಲ ಕಣೋ ಪುಟ್ಟ” ಎಂದೆ. “ನನ್ ಕೈಗೆ ಸಿಗ್ದಂಗೆ ಅಲ್ಲೇ ಚೆನ್ನಾಗಿರ್ಲಿ ಅಂತ. ನಾನೇ ಬುಟ್ಟು ಕೊಡ್ತಿವ್ನಿ.”

“ಬುಡೋ ಅವ್ರುನ್ನ” ಎಂದಳು ಜಯಮ್ಮ ತಮ್ಮನಿಗೆ. ಕಾರಿನೊಳಗೆ ಕುಳಿತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ದಾರಿ ತಪ್ಪಿ ಬಂದವನಿಗೆ ದಾರಿ ಹೇಳುವವರ ಹಾಗೆ ಹೇಳಿದಳು:

“ಬರ್ಬೇಕೋ ಬ್ಯಾಡ್ವೋ ಅಂತ ನಿನ್ನ ಕೇಳ್ದೋರ್ ಯಾರು?”

ಕಾರಿನ ಬಾಗಿಲು ಅವಳ ಎಡಗಡೆಗಿತ್ತು. ಪಟ್ಟಿ ಹಾಕಿದ ಕೈಗೆ ಎಟುಕುವಂತಿರಲಿಲ್ಲ. ನಾನು ಹಾಕೋಣವೆಂದು ಮುಂದೆ ಹೋದೆ. ಅವಳು ಮೈಯನ್ನೇ ತಿರುಗಿಸಿ, ಬಲಗೈ ಚಾಚಿ, ಹಲ್ಲು ಕಚ್ಚಿ ಬಾಗಿಲನ್ನು ತಾನೇ ಎಳೆದುಕೊಂಡಳು. ಮೊದಲ ಸಲ ಸರಿಯಾಗಿ ಕೂಡಲಿಲ್ಲ. ಮತ್ತೆ ತೆರೆದು, ಇನ್ನೂ ಜೋರಾಗಿ ಎಳೆದಳು.